ಕೊಯ್ಯದೆ ಉಳಿದ ಅಂಚು

ನಾಗರಾಜ ಮಂಚದ ಕೆಳಗೆ ಬಗ್ಗಿ ತಗಡಿನ ಟ್ರಂಕನ್ನು ಅರ್ಧ ಹೊರಗೆಳೆದಿದ್ದ. ಅಷ್ಟರಲ್ಲಿ ಹಿಂದೆ ಯಾರೋ ಬಂದು ನಿಂತದ್ದು ಗೊತ್ತಾಯಿತು.

"ಏನು ಹುಡುಕ್ತಿದೀರಿ ಸಾರ್?"

ತೀರಿಕೊಂಡ ಮೌಲಾ ಸಾಬ್ ಮೇಷ್ಟ್ರ ಮಗಳು ಶಮಾ. ಬೆಳಗಿನಿಂದ ಅತ್ತು ಅವಳ ಕಣ್ಣು ಕೆಂಪಾಗಿದ್ದವು. ಆದರೆ ಆ ಕೆಂಪು ಕಣ್ಣುಗಳು ನೆಟ್ಟಗೆ ಟ್ರಂಕಿನ ಮೇಲೇ ಇದ್ದವು.

"ಬಕೆಟ್ ಅಮ್ಮಾ. ಸುಫಿಯಾನ್ ತಗೊಂಡ್ ಬಾ ಅಂದ್ರು."

"ಬಕೆಟ್ ಬಚ್ಚಲಾಗೈತೆ ಸಾರ್."

ಸುಫಿಯಾನ್ ಅವಳ ಅಣ್ಣ. ಹಿತ್ತಲಲ್ಲಿ ಸೀರೆ ಕಟ್ಟಿ ಮರೆ ಮಾಡಿ ತಂದೆಗೆ ಕೊನೆಯ ಸ್ನಾನ ಮಾಡಿಸುತ್ತಿದ್ದ. ಇನ್ನೊಂದು ಬಕೆಟ್ ಬೇಕೆಂದು ನಾಗರಾಜನನ್ನು ಒಳಗೆ ಕಳಿಸಿದ್ದೂ ನಿಜವೇ. ಆದರೆ ಬಕೆಟ್ ತರಲು ಹೋದವನು ಮಂಚದ ಕೆಳಗೆ ನುಗ್ಗಿದ್ದನ್ನು ಯಾರು ನಂಬುತ್ತಾರೆ? ನಲವತ್ತೊಂದು ವರ್ಷದ ಮನುಷ್ಯ, ರಾಂಪುರದ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು, ಕದ್ದು ಸಿಕ್ಕಿಬಿದ್ದ ಹುಡುಗನ ಹಾಗೆ ಮೊಣಕಾಲಿನ ಧೂಳು ಕೊಡವಿಕೊಂಡು ಎದ್ದು ನಿಂತ.

"ಅದ್ರಾಗೆ ಹುಡುಗ್ರ ನೋಟ್‌ಬುಕ್ ಬಿಟ್ರೆ ಏನಿಲ್ಲ ಸಾರ್," ಎಂದಳು ಶಮಾ. "ನಿಮ್ದೂ ಐತೆ. ನೀವು ಇವತ್ತು ಬಂದೇ ಬರ್ತೀರಿ ಅಂತ ನಂಗೊತ್ತಿತ್ತು."

ನಾಗರಾಜ ಬಚ್ಚಲಿಗೆ ಹೋಗಿ ಬಕೆಟ್ ಎತ್ತಿಕೊಂಡ.

ಹೊರಗೆ, ಚಳ್ಳಕೆರೆಯ ಎಣ್ಣೆ ಗಿರಣಿಗಳ ಹಿಂದಿನ ಆ ಕಿರಿದಾದ ಬೀದಿಯಲ್ಲಿ, ಶಾಮಿಯಾನದ ಕೆಳಗೆ ಪ್ಲಾಸ್ಟಿಕ್ ಕುರ್ಚಿಗಳು ತುಂಬಿದ್ದವು. ಒಂದು ಕಡೆ ಟೋಪಿ ಹಾಕಿದ ಬಂಧುಗಳು, ಸುಫಿಯಾನ್ ಕೆಲಸ ಮಾಡುವ ಗ್ಯಾರೇಜಿನವರು. ಇನ್ನೊಂದು ಕಡೆ ಮೇಷ್ಟ್ರ ಹಳೆಯ ವಿದ್ಯಾರ್ಥಿಗಳು. ಈ ಎರಡನೆಯ ಗುಂಪಿನ ನಟ್ಟನಡುವೆ ನಾಗರಾಜನ ಅಪ್ಪ ಯರ್ರಪ್ಪ ಕೂತಿದ್ದ. ಎಪ್ಪತ್ತೆಂಟು ವರ್ಷ, ಬಿಳಿ ಪಂಚೆ, ಜೀವಮಾನವೆಲ್ಲ ಮಗ್ಗದ ಗುಣಿಯಲ್ಲಿ ಕೂತು ಬಗ್ಗಿದ ಬೆನ್ನು. ಬರಬೇಡ ಅಂದರೂ ಕೇಳದೆ ಮಗನ ಜೊತೆ ಬಸ್ಸು ಹತ್ತಿದ್ದ. ತಳಕು ದಾಟುವವರೆಗೂ ನಾಗರಾಜ ಅಪ್ಪನನ್ನು ಇಳಿಸಿ ವಾಪಸ್ ಕಳಿಸಲು ನೋಡಿ ಸೋತಿದ್ದ.

"ಅಜ್ಜಾ, ನಿಮ್ ಮಗ್ಗದ ಹಾಸು ಕೊಯ್ದ ಮೇಷ್ಟ್ರು ಇವ್ರೇ ಅಲ್ವಾ?" ನಾಗರಾಜನ ಸಹಪಾಠಿ ರವಿಕಿರಣ್ ಕೇಳಿದ. ದನಿಯೇನೋ ತಗ್ಗಿಸಿದ್ದ, ಆದರೆ ಮೂರು ಸಾಲಿನವರೆಗೆ ಕೇಳಿಸುವಷ್ಟೇ ತಗ್ಗಿಸಿದ್ದ.

"ಇವನೇ. ಮದುವೆ ಸೀರೆ ಲೇ ಅದು. ಮೂರು ಸೀರೆ ಹಾಸು. ಎಡಗಡೆ ಅಂಚಿಂದ ಹಿಡ್ದು ಒಡಲೆಲ್ಲಾ ಬ್ಲೇಡಿನಾಗೆ ಕೊಯ್ದಿದ್ದ. ಬಲಗಡೆ ಅಂಚು ಒಂದು ಉಳ್ದಿತ್ತು. ಎದುರುಮನೆ ಲಕ್ಷ್ಮಕ್ಕ ಕೆಮ್ಮಿದ್ಲಂತೆ, ಹೆದ್ರಿ ಅಲ್ಲಿಗೇ ಬಿಟ್ಟು ಓಡಿರ್ಬೇಕು."

"ಒಪ್ಕೊಂಡ್ರಾ ಆಮೇಲೆ?"

"ಇಲ್ಲ ಅಂತಾನೂ ಅನ್ಲಿಲ್ಲ. ಮಾಡ್ದೆ ಇದ್ದೋನು ಇಲ್ಲ ಅನ್ನಲ್ವೇನೋ? ನೀನೇ ಹೇಳು."

ಇದು ಯರ್ರಪ್ಪ ಇಪ್ಪತ್ತಾರು ವರ್ಷದಿಂದ ಕೇಳುತ್ತ ಬಂದ ಪ್ರಶ್ನೆ. ಮೊಳಕಾಲ್ಮೂರಿನ ನೇಕಾರರ ಬೀದಿಯಲ್ಲಿ ಇದಕ್ಕೆ ಉತ್ತರವಿಲ್ಲವೆಂದೇ ಎಲ್ಲರೂ ತಿಳಿದಿದ್ದರು. ಮಾತಾಡುವಾಗಲೂ ಅವನ ಹೆಬ್ಬೆರಳು ತೋರುಬೆರಳು ಸುಮ್ಮನಿರುತ್ತಿರಲಿಲ್ಲ, ಒಂದರ ಮೇಲೊಂದು ಹೊಸೆಯುತ್ತಲೇ ಇರುತ್ತಿದ್ದವು. ಹರಿದ ರೇಷ್ಮೆ ಎಳೆಗೆ ಬೂದಿ ಮುಟ್ಟಿಸಿ, ಹೊಸೆದು ಕೂಡಿಸಿ ಕೂಡಿಸಿ ಆದ ಅಭ್ಯಾಸ ಅದು.

*

ಆಗ ನಾಗರಾಜ ಹತ್ತನೇ ಕ್ಲಾಸು. ಮದುವೆ ಸೀಸನ್ ಬಂದಿತ್ತು. ಮೊಳಕಾಲ್ಮೂರು ಸೀರೆಯ ಒಡಲಿನದು ಒಂದು ಬಣ್ಣ, ಅಂಚಿನದು ಇನ್ನೊಂದು. ಎಡಗಡೆಯ ಅಂಚನ್ನು ನೇಯುವವನೇ ನೋಡಿಕೊಳ್ಳುತ್ತಾನೆ. ಬಲಗಡೆಯ ಅಂಚಿನ ಲಾಳಿ ಎಸೆಯಲು ಪಕ್ಕದಲ್ಲಿ ಇನ್ನೊಬ್ಬರು ಕೂರಬೇಕು. ಯರ್ರಪ್ಪ ಮಗನನ್ನು ಸ್ಕೂಲು ಬಿಡಿಸಿ ಕೂರಿಸಿಕೊಂಡ.

ಮೂರು ವಾರ ನೋಡಿ ಮೌಲಾ ಸಾಬ್ ಮೇಷ್ಟ್ರು ಮನೆಗೆ ಬಂದರು. ಮಗ್ಗದ ಮನೆಯ ಹೊರಗೆ ಚಪ್ಪಲಿ ಬಿಟ್ಟು, ಬಾಗಿಲಲ್ಲೇ ನಿಂತು ಮೊದಲು ಮೆತ್ತಗೆ ಹೇಳಿದರು. ಯರ್ರಪ್ಪ ಮಗ್ಗದ ಕಾಲುಹಲಗೆ ತುಳಿಯುವುದನ್ನು ನಿಲ್ಲಿಸಲೇ ಇಲ್ಲ. ಮೇಷ್ಟ್ರಿಗೆ ಸಿಟ್ಟು ಬಂತು.

"ಹುಡುಗ ಓದೋನು ಯರ್ರಪ್ಪ. ಈ ಮಗ್ಗ ಒಂದು ಇಲ್ದಿದ್ರೆ ಎಲ್ಲೋ ಇರ್ತಿದ್ದ."

ಈ ಮಾತು ಬೀದಿಗೆಲ್ಲ ಕೇಳಿಸಿತು. ಮೇಷ್ಟ್ರು ಹೋದರು. ಮಧ್ಯಾಹ್ನ ಯರ್ರಪ್ಪ ಊಟಕ್ಕೆ ಒಳಗೆ ಹೋದಾಗ ಮತ್ತೆ ಬಂದು, ಮಗ್ಗದ ಹಲಗೆಯ ಮೇಲೆ ಏನೋ ಇಟ್ಟು ಹೋದರು. ಅವರು ಒಬ್ಬರೇ ಮಗ್ಗದ ಮನೆಯಿಂದ ಹೊರಗೆ ಬಂದದ್ದನ್ನು ಎದುರುಮನೆಯ ಲಕ್ಷ್ಮಕ್ಕ ನೋಡಿದಳು.

ಅವರು ಇಟ್ಟು ಹೋದದ್ದು ಒಂದು ನೋಟ್‌ಬುಕ್. ನಾಗರಾಜ ಊಟಕ್ಕೆಂದು ಕೈ ತೊಳೆದು ಬಂದವನು ಅದನ್ನು ತೆರೆದ. ಮೂರು ವಾರದ ಪಾಠವನ್ನೆಲ್ಲ ಮೇಷ್ಟ್ರು ತಮ್ಮ ಕೈಯಾರೆ ಅವನಿಗಾಗಿ ಬರೆದಿದ್ದರು. ಮುಂದಿನ ವಾರದ ಪಾಠದ ಹೆಸರೂ ಇತ್ತು: ಕಾದಂಬರಿಯ ಅಂಗಗಳು. ಕಥಾವಸ್ತು, ಪಾತ್ರ, ಸನ್ನಿವೇಶ, ಸಂಘರ್ಷ, ದೃಷ್ಟಿಕೋನ. ಅದರ ಕೆಳಗೆ, 'ಇದನ್ನು ಬರವಣಿಗೆಯಲ್ಲಿ ಕಲಿಯಲಾಗುವುದಿಲ್ಲ ನಾಗರಾಜ, ಕ್ಲಾಸಿಗೇ ಬರಬೇಕು.'

ಹುಡುಗನಿಗೆ ಅಳು ಬಂತು. ಅಳುವಿನ ಹಿಂದೆಯೇ ಎಂಥದೋ ಸಿಟ್ಟು ಬಂತು. ಎಳೆಯ ತುದಿ ಕತ್ತರಿಸುವ ಬ್ಲೇಡು ಹಲಗೆಯ ಸಂದಿಯಲ್ಲೇ ಇತ್ತು. ಎಡಗಡೆಯಿಂದ ಶುರು ಮಾಡಿದ. ಬಿಗಿದು ನಿಂತಿದ್ದ ಎಳೆಗಳು ಸದ್ದಿಲ್ಲದೆ ಬಿಟ್ಟುಕೊಂಡವು. ಅಪ್ಪನ ಅಂಚು ಹೋಯಿತು, ಒಡಲು ಹೋಯಿತು. ಬಲಗಡೆಗೆ ಬಂದಾಗ ಕೈ ನಿಂತಿತು. ಬ್ಲೇಡನ್ನು ಹಿತ್ತಲಿನ ಮುಳ್ಳುಬೇಲಿಗೆ ಎಸೆದು, ಹೋಗಿ ಅವ್ವನ ಪಕ್ಕ ಊಟಕ್ಕೆ ಕೂತ.

ಯರ್ರಪ್ಪ ಕೈ ಒರೆಸಿಕೊಳ್ಳುತ್ತ ಬಂದು ನೋಡಿದ. ಹಲಗೆಯ ಮೇಲೆ ಮೇಷ್ಟ್ರ ನೋಟ್‌ಬುಕ್ ಇತ್ತು, ಬೀದಿಯಲ್ಲಿ ಲಕ್ಷ್ಮಕ್ಕ ಇದ್ದಳು. ಇನ್ನೇನು ಬೇಕು?

*

ಹೆಣಕ್ಕೆ ಬಿಳಿ ಬಟ್ಟೆ ಸುತ್ತಿ ಮುಂದಿನ ಕೋಣೆಗೆ ತಂದು ಮಲಗಿಸಿದರು. ಮೇಷ್ಟ್ರ ಹೆಂಡತಿ ಇಮಾಂ ಬೀ ತಲೆಯ ಹತ್ತಿರ ಕೂತು ತುಟಿ ಅಲ್ಲಾಡಿಸುತ್ತಿದ್ದಳು. ನಾಗರಾಜ ಮುಖ ನೋಡಿದ. ತುಂಬ ತೆಳ್ಳಗಾಗಿದ್ದರು. ಕೊನೆಯ ಸಲ ಅವನು ನೋಡಿದ್ದು ಹನ್ನೆರಡು ವರ್ಷದ ಹಿಂದೆ, ಇದೇ ಊರಿನ ಬಸ್ ಸ್ಟ್ಯಾಂಡಿನಲ್ಲಿ. ಆಗ ಅವನು ಕಂಬದ ಮರೆಗೆ ಸರಿದುಕೊಂಡಿದ್ದ. ಅವರು ನೋಡಿದರೋ ಇಲ್ಲವೋ ಇವತ್ತಿಗೂ ಅವನಿಗೆ ಗೊತ್ತಿಲ್ಲ.

ಹಿಂದಿನಿಂದ ಶಮಾ ಕರೆದಳು. ಹಿತ್ತಲ ಬಾಗಿಲ ಹತ್ತಿರ ನಿಂತು, ಸೆರಗಿನಿಂದ ಒಂದು ಹಳೆಯ ನೋಟ್‌ಬುಕ್ ತೆಗೆದು ಅವನ ಕೈಗೆ ಕೊಟ್ಟಳು. ರಟ್ಟಿನ ಮೇಲೆ ಅವನದೇ ಅಕ್ಷರ. ವೈ. ನಾಗರಾಜ, ಹತ್ತನೇ ತರಗತಿ.

"ನಾನು ಇದನ್ನ ಓದಿದೀನಿ ಸಾರ್. ಎಷ್ಟು ಸಲ ಅಂತ ಕೇಳ್ಬೇಡ್ರಿ."

"ಶಮಾ, ಅದು ಹುಡುಗಾಟದ್ದು..."

"ನನ್ನ ಮದುವೆಗೆ ಅಬ್ಬಾ ಒಂದು ಮೊಳಕಾಲ್ಮೂರು ಸೀರೆ ತರ್ಬೇಕು ಅಂತಿದ್ರು. ಅಷ್ಟು ಜನ ನೇಕಾರ್ರ ಮಕ್ಕಳಿಗೆ ಪಾಠ ಹೇಳಿದ್ರಲ್ಲ, ಒಬ್ರೂ ಆರ್ಡರ್ ಹಿಡೀಲಿಲ್ಲ. ಬ್ಲೇಡ್ ಮೇಷ್ಟ್ರಿಗೆ ನೇಯ್ದು ಕೊಡಲ್ಲ ಅಂದ್ರು. ಅವತ್ತು ನಾನೇ ಕೇಳ್ದೆ, ಅಬ್ಬಾ, ಕೊಯ್ದಿದ್ದು ನೀವೇನಾ ಅಂತ. ನಕ್ರು. ಹೌದು ಅನ್ಲಿಲ್ಲ, ಇಲ್ಲ ಅನ್ಲಿಲ್ಲ." ಶಮಾ ನೋಟ್‌ಬುಕ್ಕಿನ ರಟ್ಟಿನ ಮೇಲೆ ಬೆರಳಿಟ್ಟಳು. "ನೀವು ಇದ್ರಾಗೆ ಅವ್ರೇ ಕೊಯ್ದ್ರು ಅಂತ ಬರ್ದಿದೀರಿ. ಬದಿಗೆ ಅಬ್ಬಾ ಬರ್ದಿರೋದು ಪಾಠದ ಮಾತೋ, ನಿಜಾನೋ ನಂಗೆ ತಿಳೀಲಿಲ್ಲ. ನೀವು ಆ ಮನೇಲಿ ಇದ್ದೋರು. ನಿಜ ಹೇಳ್ರಿ ಸಾರ್. ಅಬ್ಬಾನೇನಾ? ಸಂಜೆ ಅಸರ್ ನಮಾಜ್ ಆದ್ಮೇಲೆ ಮಣ್ಣು ಮಾಡ್ತಾರೆ. ಅದಕ್ಕಿಂತ ಮುಂಚೆ ನಂಗೆ ಗೊತ್ತಾಗ್ಬೇಕು."

ಹೆತ್ತ ಮಗಳು, ಹೆಣ ಇನ್ನೂ ಮನೆಯಲ್ಲಿರುವಾಗಲೇ, ಅಪ್ಪನ ಮೇಲೆ ಅನುಮಾನ ಪಡುತ್ತಿದ್ದಳು. ಅನುಮಾನ ಪಡುವುದಕ್ಕೆ ನಾಚಿಕೆಯೂ ಪಡುತ್ತಿದ್ದಳು. ನಾಗರಾಜ ನೋಟ್‌ಬುಕ್ಕನ್ನು ಕಂಕುಳಿಗೆ ಸೇರಿಸಿಕೊಂಡ.

"ಆಮೇಲೆ ಹೇಳ್ತೀನಮ್ಮಾ," ಅಂದ.

"ಆಮೇಲೆ ಅಂದ್ರೆ ಯಾವಾಗ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಅವಳು ತಾಯಿಯ ಹತ್ತಿರ ಹೋದಳು.

*

ಹಾಸು ಕೊಯ್ದ ಮೇಲೆ ಮಗ್ಗ ಎರಡು ತಿಂಗಳು ನಿಂತಿತು. ಅಂಚಿನ ಲಾಳಿಗೆ ಕೆಲಸವಿಲ್ಲ, ಹುಡುಗ ಸ್ಕೂಲಿಗೆ ಹೋದ. ಅಷ್ಟರಲ್ಲಿ ಬೀದಿಯಲ್ಲಿ ಮೇಷ್ಟ್ರು ಬಂದರೆ ಮಗ್ಗದ ಮನೆಗಳ ಬಾಗಿಲು ಮುಚ್ಚಿಕೊಳ್ಳುತ್ತಿದ್ದವು. ಮಕ್ಕಳು ಹಿಂದಿನಿಂದ ಬ್ಲೇಡ್ ಬ್ಲೇಡ್ ಎಂದು ಕೂಗಿ ಓಡುತ್ತಿದ್ದರು.

ಮೇಷ್ಟ್ರು ಏನೂ ಆಗದವರಂತೆ ಕ್ಲಾಸಿಗೆ ಬಂದು, ಬೋರ್ಡಿನ ಮೇಲೆ ಒಂದು ಮಗ್ಗದ ಚಿತ್ರ ಬರೆದರು. ಹುಡುಗರು ಮುಖ ಮುಖ ನೋಡಿಕೊಂಡರು. ಇಷ್ಟೆಲ್ಲ ಆದ ಮೇಲೂ ಮಗ್ಗವೇ ಬೇಕಿತ್ತೇ ಇವರಿಗೆ?

"ಕಾದಂಬರಿ ಅಂದ್ರೆ ದೊಡ್ಡ ಕಥೆ ಅಂತ ಬರೀಬೇಡ್ರಪ್ಪ. ನೀವು ಮಗ್ಗ ನೋಡಿ ಬೆಳೆದೋರು. ಉದ್ದಕ್ಕೆ ಬಿಗಿದಿರೋ ಹಾಸು ಐತಲ್ಲ, ಅದು ಕಥಾವಸ್ತು. ಅಡ್ಡಕ್ಕೆ ಹೋಗಿ ಬರೋ ಹೊಕ್ಕು, ಅದು ಪಾತ್ರಗಳು. ಮಗ್ಗ ಕೂತಿರೋ ಗುಣಿ, ಅದು ಸನ್ನಿವೇಶ. ಎಳೆ ಸಡಿಲ ಬಿಟ್ರೆ ಬಟ್ಟೆ ಆಗ್ತದಾ?"

"ಇಲ್ಲ ಸಾರ್."

"ಆ ಬಿಗಿ ಸಂಘರ್ಷ. ಇನ್ನು ದೃಷ್ಟಿಕೋನ. ಗುಣಿಯಲ್ಲಿ ಕೂತೋನಿಗೆ ಕಾಣೋದು ಒಂದು, ಬೀದಿಯಲ್ಲಿ ನಿಂತೋನಿಗೆ ಕಾಣೋದು ಇನ್ನೊಂದು. ಎರಡೂ ಸುಳ್ಳಲ್ಲ. ಆದ್ರೆ ಎರಡೂ ಪೂರ್ತಿ ಅಲ್ಲ."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಮೇಷ್ಟ್ರು ಆ ಕಡೆ ನೋಡಲಿಲ್ಲ.

"ಕೊನೇದು, ಇದು ಪುಸ್ತಕದಾಗಿಲ್ಲ, ನನ್ನ ಮಾತು. ಪಾತ್ರ ಏನು ಮಾಡಿದ್ರೂ ಅದಕ್ಕೊಂದು ಕಾರಣ ಬೇಕು. ಕಾರಣ ಇಲ್ಲದ ಕೆಲಸವನ್ನ ಪಾತ್ರದ ಕೈಲಿ ಮಾಡಿಸಿದ್ರೆ ಓದೋನು ನಂಬಲ್ಲ."

ನಿಮ್ಮ ಮನೆಯಲ್ಲಿ ನಡೆದ ಒಂದು ಸಂಗತಿಯನ್ನು ಬೇರೊಬ್ಬರ ಕಣ್ಣಿನಿಂದ ಒಂದು ಅಧ್ಯಾಯವಾಗಿ ಬರೆಯಿರಿ ಅಂದರು. ನಾಗರಾಜ ಏನು ಬರೆದ? ಒಬ್ಬ ಮೇಷ್ಟ್ರು ಮಗ್ಗ ಕೊಯ್ದ ಕಥೆ. ಹಾಗೆ ಬರೆಯದಿದ್ದರೆ ತನ್ನ ಮೇಲೆ ಅನುಮಾನ ಬಂದೀತೆಂಬ ಭಯ. ಹದಿನೈದು ವರ್ಷದ ಬುದ್ಧಿಗೆ ಅದು ಭಾರೀ ಜಾಣತನವೆನಿಸಿತ್ತು. ನೋಟ್‌ಬುಕ್ ಒಪ್ಪಿಸಿದ, ವಾಪಸ್ ಕೇಳಲಿಲ್ಲ. ಮೇಷ್ಟ್ರು ಹುಡುಗರ ನೋಟ್‌ಬುಕ್ಕುಗಳನ್ನು ಒಂದು ಟ್ರಂಕಿನಲ್ಲಿ ಕೂಡಿಡುತ್ತಿದ್ದುದು ಎಲ್ಲರಿಗೂ ಗೊತ್ತಿತ್ತು. ಆ ಬೇಸಿಗೆಯಲ್ಲಿ ಮೇಷ್ಟ್ರಿಗೆ ಚಳ್ಳಕೆರೆಗೆ ವರ್ಗವಾಯಿತು. ಮೊಳಕಾಲ್ಮೂರಿಗೆ ಅವರು ಮತ್ತೆ ಕಾಲಿಡಲಿಲ್ಲ.

ನಾಗರಾಜ ಈಗಲೂ ಪ್ರತಿ ವರ್ಷ ರಾಂಪುರದ ಹುಡುಗರಿಗೆ ಇದೇ ಪಾಠ ಮಾಡುತ್ತಾನೆ. ಬೋರ್ಡಿನ ಮೇಲೆ ಅದೇ ಮಗ್ಗ ಬರೆಯುತ್ತಾನೆ. ಕೊನೆಯ ಮಾತೊಂದನ್ನು ಮಾತ್ರ ಹೇಳುವುದಿಲ್ಲ.

*

ಹಿತ್ತಲಿನ ಬೇವಿನ ಮರದ ಕೆಳಗೆ ಅವನು ನೋಟ್‌ಬುಕ್ ತೆರೆದ. ತನ್ನ ಗುಂಡು ಅಕ್ಷರ. 'ಮೇಷ್ಟ್ರು ಎಡಗಡೆ ಅಂಚಿನಿಂದ ಕೊಯ್ಯುತ್ತ ಬಂದರು. ಬಲಗಡೆ ಅಂಚನ್ನು ಮುಟ್ಟಲಿಲ್ಲ.' ಈ ಸಾಲಿನ ಕೆಳಗೆ ಕೆಂಪು ಶಾಯಿಯ ಗೆರೆ. ಪುಟದ ಬದಿಯಲ್ಲಿ ಮೇಷ್ಟ್ರ ಅಕ್ಷರ.

'ಬಲಗಡೆ ಅಂಚು ಯಾಕೆ ಉಳಿಯಿತು? ಮೇಷ್ಟ್ರಿಗೆ ಅದರ ಮೇಲೆ ಪ್ರೀತಿ ಇರಲು ಕಾರಣವಿಲ್ಲ. ಈ ಪಾತ್ರ ಬೇರೆ ಯಾರೋ. ಯೋಚಿಸಿ, ನಿನಗೆ ಸಾಧ್ಯವಾದಾಗ ತಿದ್ದಿ ಬರೆದು ತಾ. ಅಂಕ ಆಮೇಲೆ.'

ನಾಗರಾಜ ಮರಕ್ಕೆ ಒರಗಿ ನಿಂತ. ಮೇಷ್ಟ್ರಿಗೆ ಗೊತ್ತಿತ್ತು! ಮೊದಲಿನಿಂದಲೂ ಗೊತ್ತಿತ್ತು. ಒಂದು ಮಾತು ಹೇಳಿದ್ದರೆ ಸಾಕಿತ್ತು, ಬೀದಿಯ ಬಾಗಿಲುಗಳೆಲ್ಲ ಅವರಿಗೆ ತೆರೆಯುತ್ತಿದ್ದವು. ಯರ್ರಪ್ಪ ಮಗನ ಕಾಲು ಮುರಿದು ಮತ್ತೆ ಲಾಳಿಯ ಮುಂದೆ ಕೂರಿಸುತ್ತಿದ್ದ. ಆ ಮನುಷ್ಯ ಕಾದಿದ್ದರು. ಬಸ್ ಸ್ಟ್ಯಾಂಡಿನಲ್ಲೂ ಕಾದಿದ್ದರೋ ಏನೋ. ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಆದರೂ, ಇದನ್ನೂ ಹೇಳಿಬಿಡಬೇಕು, ಆ ಹೇಸಿಗೆಯ ಪಕ್ಕದಲ್ಲೇ ಒಂದು ಸಮಾಧಾನವೂ ಇಣುಕಿತು. ನೋಟ್‌ಬುಕ್ ಈಗ ತನ್ನ ಕೈಯಲ್ಲಿದೆ. ಬಲ್ಲವರು ಮಾತಾಡದ ಸ್ಥಿತಿಯಲ್ಲಿ ಮಲಗಿದ್ದಾರೆ. ಅದನ್ನು ಚೀಲಕ್ಕೆ ತುರುಕಿ ಝಿಪ್ ಎಳೆದುಕೊಂಡ.

ಮುಂದಿನ ಅಂಗಳದಲ್ಲಿ ಹೆಣ ಇಟ್ಟ ಜನಾಜಾ ಎತ್ತಲು ಸಿದ್ಧವಾಗಿತ್ತು. ಮಸೀದಿಯಲ್ಲಿ ನಮಾಜಿಗೆ ನಿಂತಾಗ ಕೇಳುವ ಮಾತನ್ನು ಸುಫಿಯಾನ್ ಇಲ್ಲೇ ಕೇಳಿದ, ಯಾಕೆಂದರೆ ತಂದೆಯ ಶಿಷ್ಯರಲ್ಲಿ ಹೆಚ್ಚಿನವರು ಇಲ್ಲಿಯೇ ಇದ್ದರು. ಮೊದಲು ಉರ್ದುವಿನಲ್ಲಿ, ಆಮೇಲೆ ಕನ್ನಡದಲ್ಲಿ. ಗ್ಯಾರೇಜಿನ ಎಣ್ಣೆ ಹಿಡಿದ ಎರಡು ಕೈಗಳನ್ನೂ ಅವನು ಜೋಡಿಸಿಕೊಂಡಿದ್ದ.

"ನಮ್ಮ ಅಬ್ಬಾ ಮೂವತ್ತೈದು ವರ್ಷ ಪಾಠ ಹೇಳ್ದೋರು. ಹೊಡೆದಿರ್ತಾರೆ, ಬೈದಿರ್ತಾರೆ. ಅವ್ರಿಂದ ಯಾರಿಗೇನು ನೋವಾಗಿದ್ರೂ ಮಾಫ್ ಮಾಡಿ ಕಳ್ಸಿಕೊಡ್ರಿ."

ಮಾಫ್, ಮಾಫ್ ಎಂದು ಟೋಪಿಯವರು ಗೊಣಗಿದರು. ಆಗ ಯರ್ರಪ್ಪ ಕುರ್ಚಿಯ ಕೈ ಹಿಡಿದು ಎದ್ದ. ಅವನು ಬಂದದ್ದೇ ಇದಕ್ಕೆ ಎಂದು ನಾಗರಾಜನಿಗೆ ಆಗ ತಿಳಿಯಿತು.

"ನಾನು ಮೊಳಕಾಲ್ಮೂರು ಯರ್ರಪ್ಪ. ನನ್ನ ಹಾಸು ಕೊಯ್ದಿದ್ರು ಮೇಷ್ಟ್ರು. ಇಪ್ಪತ್ತಾರು ವರ್ಷ ಬೈಕೊಂಡು ಬಂದೀನಿ. ಇವತ್ತು ಮಾಫ್ ಮಾಡ್ದೆ. ಮನ್ಸಾರೆ ಹೇಳ್ತೀನಿ, ಹೋಗ್ಲಿ."

ಗುಂಪಿನಲ್ಲಿ ಎಷ್ಟೋ ಜನ ತಲೆದೂಗಿದರು. ಎಂಥ ದೊಡ್ಡ ಮನಸ್ಸು ಅಂತ ರವಿಕಿರಣ್ ಪಕ್ಕದವನಿಗೆ ಅಂದ. ಸುಫಿಯಾನ್ ಮುಖ ಕಪ್ಪಿಟ್ಟಿತು. ಅವನು ಬಗ್ಗಿ ಮುದುಕನ ಕೈ ಹಿಡಿದುಕೊಂಡ.

"ಶುಕ್ರಿಯಾ ಅಜ್ಜಾ," ಅಂದ.

ಬಾಗಿಲಲ್ಲಿ ನಿಂತಿದ್ದ ಶಮಾ ಕಣ್ಣು ಮುಚ್ಚಿಕೊಂಡಳು. ಅವಳಿಗೆ ಬೇಕಿದ್ದ ಉತ್ತರ ಸಿಕ್ಕಿಹೋಗಿತ್ತು.

"ಅಪ್ಪಾ," ಅಂದ ನಾಗರಾಜ. ಗುಂಪನ್ನು ಸರಿಸಿಕೊಂಡು ಮುಂದೆ ಬಂದು ಇನ್ನೊಂದು ಸಲ ಅಂದ. "ಅಪ್ಪಾ. ಮೇಷ್ಟ್ರಲ್ಲ. ಕೊಯ್ದಿದ್ದು ನಾನು."

ರವಿಕಿರಣ್ ಅವನ ತೋಳು ಹಿಡಿದ.

"ಲೇ ನಾಗ, ಸತ್ತೋರ ಮರ್ಯಾದೆ ಉಳ್ಸೋಕೆ ಇಂಥ ಮಾತಾಡ್ತಾರೇನೋ? ಕೂತ್ಕಾ."

"ಇವನಿಗೆ ಮೇಷ್ಟ್ರು ಅಂದ್ರೆ ಪ್ರಾಣ," ಎಂದ ಯರ್ರಪ್ಪ ಸುತ್ತಲಿದ್ದವರಿಗೆ, ಮಗನ ಪರವಾಗಿ ಕ್ಷಮೆ ಕೇಳುವವನಂತೆ. "ಅದಕ್ಕೇ ಹಂಗೆ ಅಂತಾನೆ."

ಇಪ್ಪತ್ತಾರು ವರ್ಷ ಸುಳ್ಳನ್ನು ನಂಬಿದ ಜನ ನಿಜವನ್ನು ಅನುಮಾನಿಸುತ್ತಿದ್ದರು. ನಾಗರಾಜ ಸುಮ್ಮನೆ ಕೂತಿದ್ದರೆ ಆಗಲೂ ಮುಗಿಯುತ್ತಿತ್ತು. ಅವನು ಕೂರಲಿಲ್ಲ. ಯರ್ರಪ್ಪ ಮಗನ ಮುಖವನ್ನೇ ನೋಡುತ್ತಿದ್ದವನು ಹತ್ತಿರ ಬಂದ. ಮನೆಯಲ್ಲಿ ಆಡುವ ತೆಲುಗು ಬಾಯಿಗೆ ಬಂತು.

"ನಿಜಮಾ?"

"ನಿಜ ಅಪ್ಪಾ."

"ನೀನೇ ಆದ್ರೆ ಹೇಳು ನಾಯನಾ. ಬಲಗಡೆ ಅಂಚು ಯಾಕೆ ಬಿಟ್ಟೆ?"

"ಅದು ನಾನು ನೇಯ್ದಿದ್ದು ಅಪ್ಪಾ. ಮೂರು ವಾರ. ಕೊಯ್ಯೋಕೆ ಕೈ ಬರ್ಲಿಲ್ಲ."

ಯರ್ರಪ್ಪ ಮಗನ ಕೈಗಳನ್ನು ನೋಡಿದ. ಇದಕ್ಕೆ ನೋಟ್‌ಬುಕ್ ಬೇಕಾಗಲಿಲ್ಲ, ಸಾಕ್ಷಿ ಬೇಕಾಗಲಿಲ್ಲ. ಮಗ್ಗದಲ್ಲಿ ಕೂತವನಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಇನ್ನೊಂದಿಲ್ಲ. ಅಂಚು ಅಷ್ಟು ದಿನ ಅವನ ಕಣ್ಣೆದುರಿಗೇ ಬಿಗಿದು ನಿಂತಿತ್ತು, ಅವನು ಲಕ್ಷ್ಮಕ್ಕನ ಕೆಮ್ಮನ್ನು ನಂಬಿದ್ದ.

ಶಮಾ ಹೊಸ್ತಿಲ ಮೇಲೆ ಕೂತಳು. "ಅಬ್ಬಾ," ಎಂದು ಒಂದು ಸಲ ಅಂದಳು. ಅವಳು ಅಪ್ಪನಿಗೆ ಮಾಫಿ ಕೇಳುತ್ತಿದ್ದಳೆಂದು ನಾಗರಾಜನೊಬ್ಬನಿಗೆ ಗೊತ್ತಾಯಿತು. ಆಮೇಲೆ ತಲೆಯೆತ್ತಿ ಅವನನ್ನು ನೋಡಿ, "ಇಪ್ಪತ್ತಾರು ವರ್ಷ ಸಾರ್," ಎಂದಳು. ಬೈದಿದ್ದರೆ ವಾಸಿಯಿತ್ತು.

"ಹೊತ್ತಾಯ್ತು, ಎತ್ರಿ," ಎಂದ ಸುಫಿಯಾನ್. ನಾಗರಾಜ ಹೆಗಲು ಕೊಡಲು ಮುಂದೆ ಬಂದ. ಸುಫಿಯಾನ್ ಅವನಿಗೆ ಜಾಗ ಬಿಡಲಿಲ್ಲ.

*

ಖಬರಸ್ಥಾನದಲ್ಲಿ ನಾಗರಾಜ ಗೋಡೆಯ ಹತ್ತಿರವೇ ನಿಂತ. ಹಲಗೆ ಮುಚ್ಚಿದರು. ಬಂಧುಗಳು ಒಬ್ಬೊಬ್ಬರಾಗಿ ಮೂರು ಮೂರು ಹಿಡಿ ಮಣ್ಣು ಹಾಕಿ ಸರಿದರು. ಸುಫಿಯಾನ್ ತಿರುಗಿ ನೋಡಿದ. ಅವನ ಕಣ್ಣು ನಾಗರಾಜನನ್ನು ದಾಟಿ ಮುದುಕನ ಮೇಲೆ ನಿಂತಿತು.

"ಬರ್ರಿ ಅಜ್ಜಾ. ನೀವೂ ಹಾಕ್ರಿ."

ಯರ್ರಪ್ಪ ಚಪ್ಪಲಿ ಕಳಚಿ, ಯಾರ ಆಸರೆಯನ್ನೂ ಹಿಡಿಯದೆ ನಡೆದು ಹೋಗಿ ಗುಂಡಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತ. ಒಂದು ಹಿಡಿ ಮಣ್ಣು ತೆಗೆದುಕೊಂಡ, ಹಾಕಲಿಲ್ಲ. ಹೆಬ್ಬೆರಳು ತೋರುಬೆರಳ ನಡುವೆ ಆ ಮಣ್ಣನ್ನು ಹೊಸೆಯತೊಡಗಿದ. ಹಿಂದೆ ಜನ ಕಾಯುತ್ತಿದ್ದರು. ಅವನು ತಲೆ ಬಗ್ಗಿಸಿ, ಕಣ್ಣು ಕಿರಿದು ಮಾಡಿ, ಹರಿದ ಎಳೆಯ ಇನ್ನೊಂದು ತುದಿ ಎಲ್ಲಿದೆ ಎಂದು ಹುಡುಕುವವನಂತೆ ಹೊಸೆಯುತ್ತಲೇ ಇದ್ದ.